ವಿಮಾನಕ್ಕೊಂದು ಫಲಕ

ಕನ್ನಡ ಮೇಡಂ ಎನ್ನಿಸಿಕೊಂಡವಳಿಗೆ ಊರಿನವರು ಒಪ್ಪಿಸುವ ಕೆಲಸಗಳಿಗೆ ಲೆಕ್ಕವಿಲ್ಲ. ಲಗ್ನಪತ್ರಿಕೆಯ ಒಕ್ಕಣೆ ತಿದ್ದಬೇಕು, ನಿವೃತ್ತರಾಗುವ ಪೋಸ್ಟ್‌ಮಾಸ್ತರರಿಗೆ ಬಿನ್ನವತ್ತಳೆ ಬರೆಯಬೇಕು, ಗಣೇಶನ ಪೆಂಡಾಲಿನ ಬಟ್ಟೆಯ ಮೇಲೆ ‘ಹಾರ್ದಿಕ’ದ ಅರ್ಕಾವೊತ್ತು ಎಲ್ಲಿ ಕೂರಬೇಕೆಂದು ಹೇಳಬೇಕು. 30 ವರ್ಷಗಳಿಂದ ಇದನ್ನೆಲ್ಲ ಮಾಡಿಕೊಂಡು ಬಂದಿದ್ದರೂ 2025ರ ದೀಪಾವಳಿ ಕಳೆದ ವಾರ ಬಂದ ಬೇಡಿಕೆ ಮಾತ್ರ ನನ್ನನ್ನು ತಬ್ಬಿಬ್ಬು ಮಾಡಿತು.

ಸ್ಟಾಫ್ ರೂಮಿಗೆ ನಾಲ್ವರು ಬಂದರು. ಮಾಜಿ ಸೈನಿಕರ ಸಂಘದ ಇಬ್ಬರು, ಪುರಸಭೆಯ ಸದಸ್ಯರೊಬ್ಬರು, ಅವರೆಲ್ಲರ ಹಿಂದೆ ಮುಖ ಮರೆಸಿಕೊಂಡಂತೆ ನನ್ನ ಸ್ವಂತ ಅಣ್ಣ.

“ಮೇಡಂ, ನಮ್ಮೂರಿಗೆ ವಿಮಾನ ಬರುತ್ತೆ” ಎಂದರು ಸದಸ್ಯರು.

“ಎಲ್ಲಿ ಇಳಿಯುತ್ತೆ?” ಎಂದೆ. ನಮ್ಮೂರ ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಒಟ್ಟಿಗೆ ತಿರುಗಲಾರವು.

“ಇಳಿಯೋದಲ್ಲ ಮೇಡಂ, ಲಾರಿ ಮೇಲೆ ಬರುತ್ತೆ. ಸರ್ಕಲ್‌ನಲ್ಲಿ ಕಟ್ಟೆ ಕಟ್ಟಿ ನಿಲ್ಲಿಸ್ತೀವಿ. ಅದರ ಮುಂದೆ ಒಂದು ಬೋರ್ಡು. ಹತ್ತು ಸಾಲು ನೀವು ಬರೆದುಕೊಡಬೇಕು.”

ವಿಷಯ ಇಷ್ಟು. ಆ ವರ್ಷ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಮ್ಮ ವಾಯುಪಡೆ ಮಿಗ್-21 ಯುದ್ಧವಿಮಾನಗಳಿಗೆ ವಿದಾಯ ಹೇಳಿತು. 1963ರಲ್ಲಿ ಅದೇ ಚಂಡೀಗಢದಲ್ಲಿ ಸೇವೆಗೆ ಸೇರಿದ್ದ ವಿಮಾನ, 62 ವರ್ಷ ದುಡಿದು ನಿವೃತ್ತಿಯಾಯಿತು. ನಿವೃತ್ತಿಯಾದ ವಿಮಾನವನ್ನು ನಮಗೂ ಒಂದು ಕೊಡಿ ಎಂದು ನಮ್ಮವರು ಅರ್ಜಿ ಹಾಕಿದ್ದರು. ವಿಮಾನ ಇನ್ನೂ ಮಂಜೂರಾಗಿರಲಿಲ್ಲ. ಆದರೂ ಫಲಕ ಮೊದಲು ತಯಾರಾಗಬೇಕು. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸುವುದು ನಮ್ಮಲ್ಲಿ ಹೊಸದಲ್ಲವಲ್ಲ!

ನನಗೆ ಫಲಕ ಓದುವ ಚಟವಿದೆ. ದೇವಸ್ಥಾನದ ಗೋಡೆಯ ದಾನಿಗಳ ಪಟ್ಟಿಯಿಂದ ಹಿಡಿದು ಕೋಟೆಯ ಬಾಗಿಲಿನ ನೀಲಿ ಬೋರ್ಡಿನವರೆಗೆ ಯಾವುದನ್ನೂ ಬಿಡುವವಳಲ್ಲ. ನಿವೃತ್ತ ವಿಮಾನಗಳ ಮುಂದಿನ ಫಲಕಗಳನ್ನೂ ಅಲ್ಲಲ್ಲಿ ಓದಿದ್ದೇನೆ. ಅವುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಅಚ್ಚು. ಉದ್ದ ಇಷ್ಟು ಮೀಟರ್, ರೆಕ್ಕೆಯ ಹರವು ಇಷ್ಟು, ತೂಕ ಇಷ್ಟು, ವೇಗ ಇಷ್ಟು, ಹಾರುವ ಎತ್ತರ ಇಷ್ಟು. ಓದುವಾಗೆಲ್ಲ ನನಗೆ ಹೆಣ್ಣು ನೋಡುವ ಶಾಸ್ತ್ರದ ನೆನಪಾಗುತ್ತದೆ. ಹುಡುಗಿಯ ಎತ್ತರ 5 ಅಡಿ 2 ಅಂಗುಲ, ಬಣ್ಣ ಗೋಧಿ, ಓದು ಬಿ.ಎ. ಇದ್ದದ್ದೆಲ್ಲ ನಿಜವೇ. ಆದರೆ ಹುಡುಗಿ ಎಂಥವಳು, ಏನು ಕಂಡವಳು, ಯಾರ ಕೈಯಲ್ಲಿ ಬೆಳೆದವಳು ಎಂಬುದು ಆ ಚೀಟಿಯಲ್ಲಿ ಇರುವುದಿಲ್ಲ.

ಹತ್ತು ಸಾಲು ಬರೆಯುವುದೆಂದರೆ ಬರೆಯಬಹುದಿತ್ತು. ಆದರೆ ಅಣ್ಣನ ಕಣ್ಣೆದುರು ಬರೆಯುವುದು ಸುಲಭವಲ್ಲ. ಅವನು ನನಗಿಂತ 12 ವರ್ಷ ದೊಡ್ಡವನು. ಎಸ್ಸೆಸ್ಸೆಲ್ಸಿ ಮುಗಿಸಿ ವಾಯುಪಡೆಗೆ ಸೇರಿದ. ಪೈಲಟ್ ಆಗಿ ಅಲ್ಲ, ನೆಲದ ಮೇಲೆ ವಿಮಾನ ರಿಪೇರಿ ಮಾಡುವವನಾಗಿ. 20 ವರ್ಷ ಮಿಗ್-21ರ ಹೊಟ್ಟೆಯ ಕೆಳಗೆ ಮಲಗಿ ಎದ್ದವನು. ರಜೆಯಲ್ಲಿ ಊರಿಗೆ ಬಂದಾಗ ಓಣಿಯ ಹುಡುಗರು “ನೀವು ವಿಮಾನ ಹಾರಿಸ್ತೀರಾ?” ಎಂದು ಕೇಳುತ್ತಿದ್ದರು. “ಇಲ್ಲಪ್ಪ, ಹಾರೋ ಹಾಗೆ ಮಾಡ್ತೀನಿ” ಎನ್ನುತ್ತಿದ್ದ. ಹುಡುಗರ ಆಸಕ್ತಿ ಅಲ್ಲಿಗೆ ಮುಗಿಯುತ್ತಿತ್ತು.

ಬರೆಯುವ ಮೊದಲು ಬೇರೆಯವರು ಹೇಗೆ ಬರೆದಿದ್ದಾರೆ ನೋಡೋಣವೆಂದು, ಡಿಸೆಂಬರಿನ ಪ್ರವಾಸದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. 2001ರಲ್ಲಿ ತೆರೆದ ಈ ಜಾಗವನ್ನು ನಮ್ಮ ಪ್ರವಾಸದ ಮೇಷ್ಟ್ರುಗಳು ಸಾಮಾನ್ಯವಾಗಿ ಪಟ್ಟಿಗೆ ಸೇರಿಸುವುದಿಲ್ಲ. ಲಾಲ್‌ಬಾಗು, ವಿಧಾನಸೌಧ, ಮಾಲು, ಅಷ್ಟಕ್ಕೆ ಬೆಂಗಳೂರು ಮುಗಿಯಿತು. ಹೋಗಿ ನೋಡಬೇಕಾದ ಜಾಗ ಇದು. ಒಳಗೆ ಕಾರ್ಖಾನೆಯ ಕಥೆ ದಶಕದಿಂದ ದಶಕಕ್ಕೆ ಚಿತ್ರಗಳಲ್ಲಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಕಾರ್ಖಾನೆ ಆರಂಭಿಸಿದ್ದರಿಂದ ಕಥೆ ಶುರುವಾಗುತ್ತದೆ. ಒಳಭಾಗ ಕಾಣುವ ಹಾಗೆ ಕತ್ತರಿಸಿಟ್ಟ ಎಂಜಿನ್ನುಗಳಿವೆ. ನಮ್ಮ ಹುಡುಗಿಯರು ಗಂಟೆಗಟ್ಟಲೆ ನಿಂತದ್ದು ಅವುಗಳ ಮುಂದೆಯೇ. ಮುಚ್ಚಿದ ವಸ್ತುವನ್ನು ಬಿಚ್ಚಿ ತೋರಿಸಿದರೆ ಮಕ್ಕಳು ಪ್ರಶ್ನೆ ಕೇಳುತ್ತಾರೆ, ಬರಿಯ ಹೊರಮೈ ತೋರಿಸಿದರೆ ಫೋಟೋ ತೆಗೆದುಕೊಳ್ಳುತ್ತಾರೆ. ಸಂಗ್ರಹಾಲಯದವರಿಗೂ ನಮ್ಮಂಥ ಮೇಷ್ಟ್ರುಗಳಿಗೂ ಇದರಲ್ಲಿ ಪಾಠವಿದೆ.

ಹೊರಗೆ ನಿಂತ ವಿಮಾನಗಳಲ್ಲಿ ಒಂದರ ಹೆಸರು ‘ಮಾರುತ’. ಎಚ್‌ಎಫ್-24 ಮಾರುತ.

“ಮಾರುತಿ ಕಾರಿನವರದಾ ಮಿಸ್?” ಎಂದಳು ಒಬ್ಬಳು. ಎಲ್ಲರೂ ನಕ್ಕರು. ಮಾರುತ ಎಂದರೆ ಗಾಳಿ, ಮಾರುತಿ ಎಂದರೆ ಅವನ ಮಗ ಎಂದು ಅಲ್ಲೇ ವ್ಯಾಕರಣ ಪಾಠ ಮುಗಿಸಿ ಮಾರುತದ ಕಥೆ ಹೇಳಿದೆ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಗೆ ಯುದ್ಧವಿಮಾನ ರೂಪಿಸಿಕೊಟ್ಟ ಕುರ್ಟ್ ಟ್ಯಾಂಕ್ ಎಂಬ ಎಂಜಿನಿಯರು 1956ರಲ್ಲಿ ಬೆಂಗಳೂರಿಗೆ ಬಂದರು. ಅವರ ಜೊತೆಗೆ ಕೆಲವರು ಜರ್ಮನರು, ಸುತ್ತ ನಮ್ಮ ಹುಡುಗರು. 1959ರಲ್ಲಿ ಎಂಜಿನ್ನೇ ಇಲ್ಲದ ಮರದ ಮಾದರಿಯೊಂದನ್ನು ಡಕೋಟಾ ವಿಮಾನದ ಬಾಲಕ್ಕೆ ಕಟ್ಟಿ ಮೇಲಕ್ಕೆಳೆದು, ಗಾಳಿಯಲ್ಲಿ ತೇಲಿಸಿ ಪರೀಕ್ಷೆ ಮಾಡಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಮಾರುತವನ್ನು ಮೊದಲ ಬಾರಿ ಹಾರಿಸಿದರು. ಒಟ್ಟು 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರಳುಗಾಡಿನ ಕಡೆ ಹೋರಾಡಿದವು. ಆದರೆ ಆ ಮೈಗೆ ತಕ್ಕ ಬಲವಾದ ಎಂಜಿನ್ನು ಅದಕ್ಕೆ ಕೊನೆಯವರೆಗೂ ಸಿಗಲಿಲ್ಲ. ಶಬ್ದದ ವೇಗವನ್ನು ಮೀರಬೇಕೆಂದು ರೂಪಿಸಿದ ವಿಮಾನ ಆ ಆಸೆ ಪೂರೈಸದೆ ಉಳಿಯಿತು. ಎಂಜಿನ್ನಿನ ಬಲ ಹೆಚ್ಚಿಸಿದ ಮಾದರಿಯೊಂದನ್ನು ಪರೀಕ್ಷಿಸುವಾಗ, 1970ರ ಜನವರಿ 10ರಂದು, ಅದೇ ಸುರಂಜನ್ ದಾಸ್ ಅಪಘಾತದಲ್ಲಿ ತೀರಿಕೊಂಡರು. ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ರಸ್ತೆಗೆ ಅವರ ಹೆಸರಿದೆ. ಆ ರಸ್ತೆಯ ಟ್ರಾಫಿಕ್ಕನ್ನು ಬೈಯದ ಬೆಂಗಳೂರಿನವರಿಲ್ಲ. ಹೆಸರು ಯಾರದೆಂದು ಕೇಳಿದರೆ ಹೇಳುವವರು ಕಡಿಮೆ.

ಕಥೆ ಮುಗಿಯಿತೆಂದುಕೊಂಡೆ. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ವಿಮಾನದ ಮೈಯನ್ನೇ ನೋಡುತ್ತಾ, “ಮಿಸ್, ಇಷ್ಟೊಂದು ಮೊಳೆ ಹೊಡೆದಿದ್ದು ಯಾರು?” ಎಂದಳು. ಅವಳ ತಂದೆ ಗ್ಯಾರೇಜಿನಲ್ಲಿ ಬಾಡಿ ಕಟ್ಟುವವರು. ರಿವೆಟ್ಟಿನ ಸಾಲು ಅವಳ ಕಣ್ಣಿಗೆ ಬಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಜರ್ಮನಿಯ ಎಂಜಿನಿಯರನ್ನು ಹೇಳಿದೆ, ಬಂಗಾಳಿ ಪೈಲಟ್ಟನ್ನು ಹೇಳಿದೆ. ಸಾವಿರಾರು ರಿವೆಟ್ಟುಗಳನ್ನು ಒಂದೊಂದಾಗಿ ಬಡಿದ ಬೆಂಗಳೂರಿನ ಕೈಗಳನ್ನು ಹೇಳಲಿಲ್ಲ. ಬೇರೆಯವರ ಫಲಕದ ತಪ್ಪು ಹುಡುಕಲು ಬಂದವಳು ಅದೇ ತಪ್ಪನ್ನು ಬಾಯಲ್ಲಿ ಮಾಡಿದ್ದೆ.

ಈ ಮಾರುತ ಬೆಂಗಳೂರಿನ ಕಬ್ಬನ್ ಪಾರ್ಕಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲೂ ಇದೆ, ದೂರದ ಜರ್ಮನಿಯಲ್ಲೂ ಇದೆ. ಮ್ಯೂನಿಕ್ ಹತ್ತಿರ ಶ್ಲೈಸ್‌ಹೈಮ್ ಎಂಬಲ್ಲಿ 1912ರಲ್ಲಿ ಸೈನ್ಯಕ್ಕಾಗಿ ಆರಂಭವಾದ ಹಳೆಯ ವಿಮಾನ ನಿಲ್ದಾಣವಿದೆ. 1992ರಲ್ಲಿ ಅಲ್ಲಿ ವಿಮಾನ ಸಂಗ್ರಹಾಲಯ ತೆರೆದರು. ಆ ಊರಿನ ಹತ್ತಿರ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯೆಯೊಬ್ಬಳು ನಮ್ಮ ಮಾರುತದ ಫೋಟೋ ಕಳಿಸಿದಳು. ಸೂರಿನ ಕೆಳಗೆ, ನೆರಳಲ್ಲಿ, ಮನೆಯೊಳಗಿನ ಮಗಳ ಹಾಗೆ ನಿಂತಿದೆ. ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು. ಅಲ್ಲಿ ಹಳೆಯ ವಿಮಾನಗಳನ್ನು ದುರಸ್ತಿ ಮಾಡುವ ಕಾರ್ಯಾಗಾರವನ್ನು ಗಾಜಿನ ಆಚೆಯಿಂದ ಜನ ನೋಡಬಹುದು. ದುರಸ್ತಿ ಮಾಡುವ ಕೈಯೂ ಅಲ್ಲಿ ಪ್ರದರ್ಶನದ ಭಾಗ. ಅಡುಗೆಯನ್ನು ಬಡಿಸುವುದಷ್ಟೇ ಅಲ್ಲ, ಅಡುಗೆಮನೆಯ ಬಾಗಿಲನ್ನೂ ತೆರೆದಿಟ್ಟ ಹಾಗೆ. ಎಷ್ಟೋ ಸಂಗ್ರಹಾಲಯಗಳಲ್ಲಿ ಇಲ್ಲದ ಗುಣ ಇದು.

ದುರಸ್ತಿಯ ಮಾತು ಬಂದದ್ದರಿಂದ ಇನ್ನೊಂದು ಬೆಂಗಳೂರಿನ ಕಥೆ ಹೇಳಲೇಬೇಕು. ಮಹಾಯುದ್ಧ ಮುಗಿದಾಗ ಅಮೆರಿಕದ ಲಿಬರೇಟರ್ ಎಂಬ ದೊಡ್ಡ ಬಾಂಬರ್ ವಿಮಾನಗಳು ಕಾನ್ಪುರದ ನಿಲ್ದಾಣದಲ್ಲಿ ಉಳಿದವು. ಬ್ರಿಟಿಷರು ಹೋಗುವಾಗ ಯಾರೂ ಬಳಸದಂತೆ ಅವುಗಳನ್ನು ಕೆಡಿಸಿಟ್ಟು ಹೋದರು. ಎಂಜಿನ್ನುಗಳಿಗೆ ಮರಳು ಸುರಿದರು, ಉಪಕರಣಗಳನ್ನು ಒಡೆದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ಬಳಿ ಬಾಂಬರ್ ಇರಲಿಲ್ಲ. ಕೊಳ್ಳಲು ದುಡ್ಡೂ ಇರಲಿಲ್ಲ. ಆಗ ಬೆಂಗಳೂರಿನ ಕಾರ್ಖಾನೆಯವರು ಕಾನ್ಪುರಕ್ಕೆ ಹೋಗಿ, ಒಂದರ ಅಂಗ ಇನ್ನೊಂದಕ್ಕೆ ಜೋಡಿಸಿ, ಹೇಗೋ ಹಾರುವಷ್ಟು ಮಾಡಿದರು. ಜಿಮ್ಮಿ ಮುನ್ಷಿ ಎಂಬ ಪರೀಕ್ಷಾ ಪೈಲಟ್ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿಯಾಯಿತು. 1948ರಿಂದ ಹೀಗೆ ಎದ್ದು ನಿಂತ ಸುಮಾರು 40 ಲಿಬರೇಟರ್‌ಗಳು ನಮ್ಮ ವಾಯುಪಡೆಯಲ್ಲಿ 1968ರವರೆಗೆ ಸೇವೆ ಮಾಡಿದವು.

ಅಷ್ಟು ಹೊತ್ತಿಗೆ ಅಮೆರಿಕ, ಇಂಗ್ಲೆಂಡುಗಳಲ್ಲಿ ಈ ಜಾತಿಯ ವಿಮಾನಗಳು ಬಹುಪಾಲು ಗುಜರಿಗೆ ಹೋಗಿ ಕರಗಿದ್ದವು. ಸಂಗ್ರಹಾಲಯಕ್ಕೆ ಒಂದು ಬೇಕೆಂದರೆ ಭಾರತದ ಬಾಗಿಲಿಗೇ ಬರಬೇಕಾಯಿತು. ಹೀಗೆ ಬೆಂಗಳೂರಿನಲ್ಲಿ ಜೀವ ಪಡೆದ ಲಿಬರೇಟರ್‌ಗಳು ಇಂಗ್ಲೆಂಡಿನ ವಾಯುಪಡೆ ಸಂಗ್ರಹಾಲಯಕ್ಕೆ, ಕೆನಡಾದ ಆಟವಾಕ್ಕೆ, ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯಕ್ಕೆ ಹೋದವು. ಇನ್ನೂ ಒಂದು ಅಮೆರಿಕದಲ್ಲಿ ಮತ್ತೆ ಹಾರುವಂತಾಯಿತು. ಕೆಡಿಸಿದವರ ಮನೆಗೇ, ಕೆಡಿಸಿದ್ದನ್ನು ಸರಿಪಡಿಸಿ ಕಳಿಸಿದೆವು!

ಆದರೆ ಇಲ್ಲಿ ನನ್ನದೊಂದು ತಕರಾರಿದೆ. ಅಮೆರಿಕಕ್ಕೆ ಹೋದ ವಿಮಾನಗಳಿಗೆ ಮೈತುಂಬ ಅಮೆರಿಕದ ಪಡೆಗಳ ಬಣ್ಣ ಬಳಿದರು. ಅವರ ಯೋಧರ ನೆನಪಿಗೆಂದು ಮಾಡಿದ್ದು, ಆ ದುಃಖ ನಮಗೆ ಅರ್ಥವಾಗದ್ದೇನಲ್ಲ. ಆದರೂ 20 ವರ್ಷ ಭಾರತದ ಚಕ್ರ ಹೊತ್ತು ಹಾರಿದ ಮೈ ಅದು. ನಮ್ಮ ಅಜ್ಜಿ ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದರು. ಆ ಕೌದಿಯ ಬೆಲೆ ಇದ್ದದ್ದು ಮೂಲ ಸೀರೆಯಲ್ಲಿ ಅಲ್ಲ, ಅಜ್ಜಿಯ ಹೊಲಿಗೆಯಲ್ಲಿ. ಕೌದಿ ಬಿಚ್ಚಿ, ಬಣ್ಣ ಹಾಕಿ, ಇದು ಅಂಗಡಿಯಿಂದ ತಂದ ಹೊಸ ಸೀರೆ ಎಂದು ತೋರಿಸಿದರೆ ಹೇಗಿರುತ್ತದೆ? ಉಳಿಸಿಕೊಂಡವರಿಗೆ ಋಣ ಹೇಳಲೇಬೇಕು, ಅವರು ಒಯ್ಯದಿದ್ದರೆ ಅವೂ ಪಾತ್ರೆಗಳಾಗಿ ಹೋಗುತ್ತಿದ್ದವು. ಆದರೆ ವಸ್ತುವನ್ನು ಉಳಿಸಿ ಅದರ ಬಾಳನ್ನು ಅಳಿಸಿದರೆ ಅರ್ಧ ಮಾತ್ರ ಉಳಿಸಿದ ಹಾಗೆ.

ಪ್ರವಾಸದಿಂದ ಬಂದ ಮೇಲೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ಕಾಫಿ ಕೊಟ್ಟರು. ನಾನು ನೋಡಿದ್ದನ್ನೆಲ್ಲ ವರದಿ ಒಪ್ಪಿಸಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ. “ಸೂರಿತ್ತಾ?”

“ಮಾರುತ ಹೊರಗೆ ನಿಂತಿದೆ. ಯಾಕೆ?”

“ವಿಮಾನ ಹಾರಿದರೆ ಹಾಳಾಗಲ್ಲ ಪುಟ್ಟಿ, ನಿಂತರೆ ಹಾಳಾಗುತ್ತೆ” ಎಂದ. ಆಮೇಲೆ ಒಂದು ಗಂಟೆ ಅವನು ಹೇಳಿದ್ದನ್ನು ಬರೆದುಕೊಂಡಿದ್ದರೆ ಒಂದು ಪಠ್ಯಪುಸ್ತಕವಾಗುತ್ತಿತ್ತು. ವಿಮಾನದ ಮೈ ಅಲ್ಯೂಮಿನಿಯಂ ಮಿಶ್ರಲೋಹ. ಕಬ್ಬಿಣದಂತೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲ ಎಂದು ಜನ ಸುಮ್ಮನಿರುತ್ತಾರೆ. ಆದರೆ ಅದು ಒಳಗಿಂದೊಳಗೆ ಬಿಳಿಯ ಪುಡಿಯಾಗಿ, ಪದರ ಪದರವಾಗಿ ಏಳುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ತಾಗಿದಲ್ಲಿ ನೀರು ಸೇರಿದರೆ ಇನ್ನೂ ಬೇಗ. ಹಾರುವಾಗ ನೀರು ಹರಿದು ಹೋಗುವಂತೆ ಮಾಡಿದ ತೂತುಗಳು, ನಿಂತ ಮೇಲೆ ಧೂಳು ಕೂತು ಮುಚ್ಚಿಹೋಗುತ್ತವೆ. ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಗಾಳಿ ನುಗ್ಗುವ ಬಾಯಿ, ಹೊಗೆ ಬರುವ ಬಾಲ ಮುಚ್ಚದಿದ್ದರೆ ಪಾರಿವಾಳ ಸಂಸಾರ ಹೂಡುತ್ತದೆ. ಹಕ್ಕಿಯ ಹಿಕ್ಕೆ ಬಣ್ಣವನ್ನು ತಿನ್ನುತ್ತದೆ. ಬಿಸಿಲಿಗೆ ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ ಹಳದಿಯಾಗಿ ಬಿರಿಯುತ್ತದೆ. ಟೈರು ಗಾಳಿ ಕಳೆದುಕೊಂಡು ಸೀಳುತ್ತದೆ.

ಅಮೆರಿಕದವರು ತಮ್ಮ ನಿವೃತ್ತ ವಿಮಾನಗಳನ್ನು ಅರಿಜೋನಾದ ಮರಳುಗಾಡಿನಲ್ಲಿ ಸಾಲಾಗಿ ನಿಲ್ಲಿಸುವುದು ಏಕೆಂದು ಆಗ ತಿಳಿಯಿತು. ಅಲ್ಲಿಯ ಗಾಳಿ ಒಣಗಿದ್ದು. ಅಷ್ಟಾದರೂ ಬಿಸಿಲು ತಾಗದಂತೆ ಕಿಟಕಿಗಳಿಗೆ, ಸಂದುಗಳಿಗೆ ಬಿಳಿಯ ಲೇಪ ಬಳಿಯುತ್ತಾರೆ. ನಮ್ಮಲ್ಲಿ ಮುಂಗಾರು ಇದೆ. ಕರಾವಳಿಯಲ್ಲಂತೂ ಉಪ್ಪುಗಾಳಿಯೂ ಸೇರುತ್ತದೆ. ನೌಕಾಪಡೆಯಲ್ಲಿ 1988ರಿಂದ 2017ರವರೆಗೆ ದುಡಿದ ಟುಪೊಲೆವ್-142 ವಿಮಾನಗಳಲ್ಲಿ ಒಂದನ್ನು ವಿಶಾಖಪಟ್ಟಣದ ಕಡಲತೀರದಲ್ಲಿ ಸಂಗ್ರಹಾಲಯವಾಗಿ ಮಾಡಿದ್ದಾರೆ, ಜನ ಒಳಗೆ ಹೋಗಿ ನೋಡಬಹುದು. ಇನ್ನೊಂದು ನಮ್ಮ ಕಾರವಾರದ ಕಡಲತೀರಕ್ಕೆ, ಅಲ್ಲಿಯ ಚಾಪಲ್ ಯುದ್ಧನೌಕೆಯ ಪಕ್ಕಕ್ಕೆ ಬಂದಿದೆ. ಸಮುದ್ರ ಕಾದ ವಿಮಾನ ಸಮುದ್ರದ ಬಳಿಯೇ ಇರುವುದು ಚೆಂದ. ಆದರೆ ಕರಾವಳಿಯಲ್ಲಿ ಸಂಸಾರ ಮಾಡಿದ ಯಾವ ಹೆಂಗಸನ್ನಾದರೂ ಕೇಳಿ, ಕಿಟಕಿಯ ಸರಳನ್ನು ಒರೆಸದೆ ಬಿಟ್ಟರೆ ಏನಾಗುತ್ತದೆಂದು ಹೇಳುತ್ತಾಳೆ. ಅಷ್ಟು ದೊಡ್ಡ ಮೈಗೆ ಎಂದೂ ಬಿಡುವಿಲ್ಲದ ಆರೈಕೆ ಬೇಕು.

ವಿಮಾನವನ್ನು ಉಳಿಸುವುದೆಂದರೆ ತಂದು ನಿಲ್ಲಿಸಿ ರಿಬ್ಬನ್ ಕತ್ತರಿಸುವುದಲ್ಲ. ಅದು ಮನೆಗೆಲಸ. ದಿನಾ ಮಾಡಬೇಕು. ಮಾಡಿದರೆ ಯಾರಿಗೂ ಕಾಣುವುದಿಲ್ಲ, ಮಾಡದಿದ್ದರೆ ಮಾತ್ರ ಕಾಣುತ್ತದೆ. ಇದು ನಮಗೆ, ಹೆಂಗಸರಿಗೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಗೊತ್ತಿರುವ ಅಣ್ಣನೇ ಅದನ್ನು ಬಿಸಿಲು ಮಳೆಗೆ ಸರ್ಕಲ್ಲಿನಲ್ಲಿ ನಿಲ್ಲಿಸಲು ಓಡಾಡುತ್ತಿದ್ದಾನಲ್ಲ ಎಂದು ನನಗೆ ಸಿಟ್ಟು ಬಂತು. “ನೀನೇ ಬೇಡ ಅನ್ನಬೇಕಿತ್ತಣ್ಣ. ನಮ್ಮ ಪಾರ್ಕಿನ ಜೋಕಾಲಿಯ ಸರಪಳಿ ತುಂಡಾಗಿ ಮೂರು ವರ್ಷ ಆಯಿತು. ಅದನ್ನೇ ಸರಿ ಮಾಡದವರು ವಿಮಾನ ನೋಡಿಕೊಳ್ಳುತ್ತಾರಾ?”

“ನಾನು ತೊಳೀತೀನಿ” ಎಂದ.

“68 ವರ್ಷಕ್ಕೆ? ಆ ಮಂಡಿ ಇಟ್ಟುಕೊಂಡು? ನಿನ್ನ ನಂತರ ಯಾರು?”

ಅವನು ಮಾತಾಡಲಿಲ್ಲ. ಮತ್ತೆ ನಾನೇ ಕೆದಕಿದೆ. ಪತ್ರಿಕೆಗಳು ಮಿಗ್-21ನ್ನು ‘ಹಾರುವ ಶವಪೆಟ್ಟಿಗೆ’ ಎಂದು ಕರೆದದ್ದನ್ನು ಫಲಕದಲ್ಲಿ ಮುಚ್ಚಿಡುವುದು ಹೇಗೆ ಎಂದೆ. 2012ರಲ್ಲಿ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕೊಟ್ಟ ಲೆಕ್ಕವನ್ನು ಹೇಳಿದೆ. ಅಲ್ಲಿಯವರೆಗೆ ಬೇರೆ ಬೇರೆ ಬಗೆಯ 872 ಮಿಗ್ ವಿಮಾನಗಳಲ್ಲಿ 482 ಅಪಘಾತಕ್ಕೀಡಾಗಿದ್ದವು, 171 ಪೈಲಟ್‌ಗಳೂ 39 ಮಂದಿ ನಾಗರಿಕರೂ ಜೀವ ಕಳೆದುಕೊಂಡಿದ್ದರು. 2001ರಲ್ಲಿ ರಾಜಸ್ಥಾನದ ಸೂರತ್‌ಗಢದಿಂದ ಹಾರಿ ಅಪಘಾತದಲ್ಲಿ ತೀರಿಕೊಂಡ ಫ್ಲೈಟ್ ಲೆಫ್ಟಿನೆಂಟ್ ಅಭಿಜಿತ್ ಗಾಡ್ಗೀಳ್ ಅವರ ತಾಯಿ ಕವಿತಾ ಗಾಡ್ಗೀಳ್ ಅವರ ಮಾತು ತೆಗೆದೆ. ತಪ್ಪು ಮಗನದೇ ಎಂಬುದನ್ನು ಆ ತಾಯಿ ಒಪ್ಪಲಿಲ್ಲ. ವರ್ಷಗಟ್ಟಲೆ ಪ್ರಶ್ನೆ ಕೇಳಿದರು, ಮಗನ ಹೆಸರಿನಲ್ಲಿ ವಿಮಾನ ಸುರಕ್ಷತೆಗಾಗಿ ಒಂದು ಸಂಸ್ಥೆಯನ್ನೇ ಕಟ್ಟಿದರು. “ಅಂಥ ತಾಯಿ ನಮ್ಮ ಸರ್ಕಲ್‌ನಲ್ಲಿ ನಿಂತು ನನ್ನ ಫಲಕ ಓದಿದರೆ ಏನನ್ನಬೇಕು ಹೇಳು” ಎಂದೆ.

ಅಣ್ಣ ಲೋಟ ಕೆಳಗಿಟ್ಟ. ನಾನು ಹಿಂದೆಂದೂ ಕೇಳದ ಮಾತನ್ನು ಆಗ ಹೇಳಿದ. ಉತ್ತರದ ಒಂದು ನಿಲ್ದಾಣದಲ್ಲಿ ಒಂದು ಬೆಳಗಿನ ಜಾವ, ರೆಕ್ಕೆಯ ಮೇಲಿನ ಇಬ್ಬನಿ ಒರೆಸಿ, ಎಲ್ಲ ಪರೀಕ್ಷಿಸಿ, ಪುಸ್ತಕದಲ್ಲಿ ಸಹಿ ಮಾಡಿ ಅವನು ಕಳಿಸಿಕೊಟ್ಟ ವಿಮಾನ ವಾಪಸು ಬರಲಿಲ್ಲ. ಪೈಲಟ್‌ಗೆ 24 ವರ್ಷ. ಏಣಿ ಹತ್ತುವಾಗ “ಚಹಾ ಇಟ್ಟಿರು, ಬಂದೆ” ಎಂದು ಹಿಂದಿಯಲ್ಲಿ ಹೇಳಿ ಹೋಗಿದ್ದನಂತೆ. ಹದ್ದು ಎಂಜಿನ್ನಿಗೆ ನುಗ್ಗಿತ್ತು ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಯಾರ ತಪ್ಪೂ ಇರಲಿಲ್ಲ.

“ಆದರೂ ಸಹಿ ನಂದೇ ಅಲ್ವಾ ಪುಟ್ಟಿ” ಎಂದ. “ನೀನು ಅಪಘಾತದ ವಿಷಯ ಬರಿ, ಬೇಡ ಅನ್ನಲ್ಲ. ಆದರೆ ಶವಪೆಟ್ಟಿಗೆ ಅಂತ ಬರೀಬೇಡ. ಶವಪೆಟ್ಟಿಗೆಯನ್ನ ಯಾರೂ ಅಷ್ಟು ಚೆನ್ನಾಗಿ ಒರೆಸಿರಲ್ಲ.”

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. 40 ವರ್ಷ ಜೊತೆಗಿದ್ದ ಅವರಿಗೂ ಈ ಮಾತು ಹೊಸದು ಎಂದು ಅವರ ಮುಖ ನೋಡಿ ತಿಳಿಯಿತು.

ಆ ರಾತ್ರಿ ನಾನು ಸಮಿತಿಗೆ ಎರಡು ಕಾಗದ ಬರೆದೆ. ಮೊದಲನೆಯದರಲ್ಲಿ ಮೂರು ಷರತ್ತು. ವಿಮಾನಕ್ಕೆ ಸೂರು ಇರಬೇಕು, ಅದಕ್ಕಾಗದಿದ್ದರೆ ವಿಮಾನವೇ ಬೇಡ. ಪ್ರತಿ ವರ್ಷದ ಆರೈಕೆಗೆ ಹಣ ತೆಗೆದಿಡಬೇಕು. ಸರ್ಕಲ್ಲಿನ ಧೂಳಿನ ಬದಲು ಮಕ್ಕಳು ಹತ್ತಿರ ಹೋಗಿ ನೋಡಬಹುದಾದ ಶಾಲೆಯ ಮೈದಾನದ ಮೂಲೆಯಾಗಬೇಕು. ಎರಡನೆಯದು ಫಲಕ:

“ಇದು ಮಿಗ್-21. ಸೋವಿಯತ್ ರಷ್ಯದಲ್ಲಿ ರೂಪುಗೊಂಡಿತು. ನಮ್ಮಲ್ಲಿ ಇದ್ದವುಗಳಲ್ಲಿ ಹೆಚ್ಚಿನವು ನಾಸಿಕದ ಕಾರ್ಖಾನೆಯಲ್ಲಿ ತಯಾರಾದವು. 1963ರಿಂದ 2025ರವರೆಗೆ ನಮ್ಮ ವಾಯುಪಡೆಯಲ್ಲಿತ್ತು. ಶಬ್ದಕ್ಕಿಂತ ಎರಡು ಪಟ್ಟು ವೇಗವಾಗಿ ಹಾರಬಲ್ಲದಾಗಿತ್ತು. ಯುದ್ಧಗಳಲ್ಲಿ ದೇಶವನ್ನು ಕಾಯಿತು. ಯುದ್ಧವಿಲ್ಲದ ದಿನಗಳಲ್ಲೂ ಈ ಬಗೆಯ ವಿಮಾನಗಳಲ್ಲಿ ಬಹಳ ಮಂದಿ ಎಳೆಯ ಪೈಲಟ್‌ಗಳು ಪ್ರಾಣ ಕಳೆದುಕೊಂಡರು. ಅವರ ತಾಯಂದಿರನ್ನು ಈ ಊರು ನೆನೆಯುತ್ತದೆ. ಒಬ್ಬರು ಹಾರಲು ಹತ್ತಾರು ಜನ ನೆಲದ ಮೇಲೆ ದುಡಿಯುತ್ತಿದ್ದರು. ಅವರಲ್ಲಿ ಈ ಊರಿನವರೂ ಇದ್ದರು. ಇದನ್ನು ಕಳೆದ ಸಲ ತೊಳೆದ ದಿನಾಂಕ: …… ತೊಳೆದವರು: ……”

ಸದಸ್ಯರು ಎರಡು ಸಲ ಓದಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಮೇಡಂ, ತಪ್ಪು ತಿಳಿಯಬೇಡಿ. ಇದು ರೈಲ್ವೆ ಸ್ಟೇಷನ್ನಿನ ಶೌಚಾಲಯದ ಬಾಗಿಲಿಗೆ ಹಾಕಿರ್ತಾರಲ್ಲ, ಆ ಪಟ್ಟಿ ಥರ ಇದೆ” ಎಂದರು.

“ನಾನು ಓದಿದ ಫಲಕಗಳಲ್ಲಿ ಕೆಲಸ ಮಾಡಿದವರ ಹೆಸರು ಕೇಳೋದು ಅದೊಂದೇ ಸ್ವಾಮಿ” ಎಂದೆ.

ಸಮಿತಿ ಇನ್ನೂ ಯೋಚಿಸುತ್ತಿದೆ. ವಿಮಾನ ಇನ್ನೂ ಬಂದಿಲ್ಲ. ಬರದಿದ್ದರೂ ನನಗೆ ಬೇಸರವಿಲ್ಲ. ಸೂರಿಲ್ಲದೆ ಬರುವುದಕ್ಕಿಂತ ಸೂರಿರುವ ಇನ್ನೊಂದು ಊರಿಗೆ ಹೋಗಲಿ.

ಅಣ್ಣನಿಗೂ ಫಲಕದ ಪ್ರತಿ ಕೊಟ್ಟಿದ್ದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ. ವೇಗದ ಸಾಲನ್ನು ಇನ್ನೊಮ್ಮೆ ಓದಿ ಸರಿಯಿದೆ ಎಂದು ತಲೆದೂಗಿದ. ತಾಯಂದಿರ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತ. ಕೊನೆಗೆ ಕಾಗದ ಮಡಿಸಿ ನನ್ನ ಕೈಗಿತ್ತು ಹೇಳಿದ:

“ತೊಳೆದವರು ಅನ್ನೋ ಕಡೆ ಮೊದಲ ಹೆಸರು ನಂದು ಹಾಕ್ಕೋ. ಎರಡನೇದಕ್ಕೆ ಯಾರನ್ನಾದರೂ ಹುಡುಕು.”

ಹುಡುಕುತ್ತಿದ್ದೇನೆ.